ಪಟ್ಟಿಯಲ್ಲಿ ಹೆಸರಿಲ್ಲದ ಪ್ರವಾಸಿಗರು



ರಜೆ ಬಂತು ಅಂದ್ರೆ ನಮ್ಮ ಹೆಬ್ಬಾಳ, ಯಲಹಂಕದ ಬಳ್ಳಾರಿ ರಸ್ತೆ ನೋಡಬೇಕು. ಬೆಳಗಿನ ಜಾವಕ್ಕೇ ನಂದಿಬೆಟ್ಟ, ಸ್ಕಂದಗಿರಿ ಕಡೆ ಬೈಕುಗಳ ಸಾಲು. ಬೆನ್ನಿಗೆ ದೊಡ್ಡ ಬ್ಯಾಗು ಹಾಕ್ಕೊಂಡು ಏರ್‌ಪೋರ್ಟ್ ಬಸ್ಸು ಹತ್ತೋ ಹುಡುಗ ಹುಡುಗಿಯರು. ಅದೇ ಬಸ್ಸಲ್ಲಿ ರಟ್ಟಿನ ಡಬ್ಬಕ್ಕೆ ಹಗ್ಗ ಬಿಗಿದು, ಪಾಸ್‌ಪೋರ್ಟ್ ಇರೋ ಕವರನ್ನ ಎದೆಗೆ ಒತ್ತಿಕೊಂಡು ಕೂತಿರೋರೂ ಇರ್ತಾರೆ. ಮೊದಲನೆಯವರು ಹೋಗೋದು ಅಡ್ವೆಂಚರ್‌ಗೆ. ಎರಡನೆಯವರದ್ದಕ್ಕೆ ನಾವು ಹೊಟ್ಟೆಪಾಡು ಅಂತೀವಿ.

ಬೆಟ್ಟ ಹತ್ತೋದರ ಮೇಲೆ, ದೇಶ ಸುತ್ತೋದರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮಕ್ಕಳೂ ಹತ್ತಬೇಕು. 2014ರ ಮೇ 25ರಂದು ಎವರೆಸ್ಟ್ ತುದಿ ಮುಟ್ಟಿದ ಮಾಲಾವತ್ ಪೂರ್ಣಾ 13 ವರ್ಷದ ಆದಿವಾಸಿ ಹುಡುಗಿ. ಜೊತೆಗಿದ್ದ ಆನಂದ್ ಕುಮಾರ್ ದಲಿತ ಹುಡುಗ. ಇಬ್ಬರೂ ಈಗಿನ ತೆಲಂಗಾಣದ ಸಮಾಜ ಕಲ್ಯಾಣ ವಸತಿ ಶಾಲೆಗಳ ಮಕ್ಕಳು, ಸರ್ಕಾರವೇ ತರಬೇತಿ ಕೊಡಿಸಿ ಕಳಿಸಿತ್ತು. (ನಮ್ಮ ಸಮಾಜ ಕಲ್ಯಾಣ ಇಲಾಖೆಯವರು ಯಾರಾದ್ರೂ ಓದ್ತಿದ್ರೆ ಈ ಸಾಲನ್ನ ಇನ್ನೊಂದು ಸಲ ಓದಿ.)

ನನ್ನ ತಕರಾರು ಬೇರೆ. ಅಪಾಯ ಬಂದಾಗ ಸರ್ಕಾರಕ್ಕೆ ಯಾರ ಹೆಸರು ಗೊತ್ತಿರುತ್ತೆ, ಯಾರದ್ದು ಗೊತ್ತಿರಲ್ಲ?

2024ರ ಜೂನ್ ನೆನಪಿದೆಯಲ್ಲ? ಉತ್ತರಾಖಂಡದ ಸಹಸ್ರ ತಾಲ್ ಚಾರಣಕ್ಕೆ ಹೋದ 22 ಜನರ ತಂಡ ಹಿಮದ ಬಿರುಗಾಳಿಗೆ ಸಿಕ್ಕಿತು. ಹೆಚ್ಚಿನವರು ಬೆಂಗಳೂರಿನವರು. ಒಂಬತ್ತು ಜನ ತೀರಿಕೊಂಡರು, 13 ಜನ ಬದುಕಿ ಬಂದರು. ಆ ಮನೆಗಳ ನೋವಿಗೆ ನಾನು ತಲೆಬಾಗ್ತೀನಿ, ಅದರಲ್ಲಿ ಎರಡು ಮಾತಿಲ್ಲ. ಸುದ್ದಿ ಬಂದ ಕೂಡಲೇ ನಮ್ಮ ಬ್ಯಾಟರಾಯನಪುರದ ಶಾಸಕರೂ ಕಂದಾಯ ಸಚಿವರೂ ಆದ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಹೋದ್ರು, ವಾಯುಪಡೆಯ ಹೆಲಿಕಾಪ್ಟರ್‌ಗಳು ಹಾರಿದವು. ಆಗಬೇಕಾದದ್ದೇ ಆಯ್ತು. ಇದು ಸಾಧ್ಯವಾಗಿದ್ದು ಯಾಕೆ? ಕರ್ನಾಟಕ ಮೌಂಟೇನಿಯರಿಂಗ್ ಅಸೋಸಿಯೇಷನ್ ಮೂಲಕ ಹೋದ ತಂಡ ಅದು. ಏಜೆನ್ಸಿ ಇತ್ತು, ಗೈಡ್‌ಗಳಿದ್ರು, ಯಾವತ್ತು ಹೊರಟು ಯಾವತ್ತು ಇಳೀಬೇಕು ಅನ್ನೋ ತಾರೀಖಿತ್ತು. ಅಂದ್ರೆ ಒಂದು ಪಟ್ಟಿ ಇತ್ತು.

ಈಗ ಒಂದು ವರ್ಷ ಹಿಂದಕ್ಕೆ ಹೋಗಿ. 2023ರ ಏಪ್ರಿಲ್ 15ಕ್ಕೆ ಸುಡಾನ್‌ನಲ್ಲಿ ಯುದ್ಧ ಶುರುವಾಯ್ತು. ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ರು. ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಯವರು, ಗಿಡಮೂಲಿಕೆ ಔಷಧಿ, ತಲೆಗೆ ಹಚ್ಚೋ ಎಣ್ಣೆ ಮಾರೋರು. ಕೆಲವರಂತೂ ರಾಜಧಾನಿ ಖಾರ್ಟೂಮ್‌ನಿಂದ ಎಷ್ಟೋ ದೂರದ ಎಲ್-ಫಾಶರ್‌ನಲ್ಲಿ ಗುಂಡಿನ ಸದ್ದು ಕೇಳ್ತಾ, ನೀರಿಲ್ಲದೆ ರೂಮೊಳಗೆ ಕೂತಿದ್ರು. ಮೊದಲು 31 ಜನ ಅಂದ್ರು. ದಿನ ಕಳೆದ ಹಾಗೆ ಲೆಕ್ಕ ನೂರು ದಾಟಿತು. ಯಾರ ಹತ್ರಾನೂ ಪಟ್ಟಿ ಇರಲಿಲ್ಲ ಕಣ್ರೀ! ಅವರೇ ಫೋನಲ್ಲಿ ವಿಡಿಯೋ ಮಾಡಿ ಕಳಿಸದೇ ಇದ್ದಿದ್ರೆ ಅವರು ಅಲ್ಲಿದ್ದಾರೆ ಅನ್ನೋದೇ ರಾಜ್ಯಕ್ಕೆ ಗೊತ್ತಾಗ್ತಿರಲಿಲ್ಲ. ಇಲ್ಲಿ ಚುನಾವಣೆ ಕಾಲ. ಸಿದ್ದರಾಮಯ್ಯನವರು ಟ್ವೀಟ್ ಮಾಡಿದ್ರು, ಜೈಶಂಕರ್ ಸಿಟ್ಟಿನಿಂದ ಉತ್ತರ ಕೊಟ್ರು, ಟಿವಿಯವರಿಗೆ ಎರಡು ದಿನ ಹಬ್ಬ.

ಆಮೇಲೆ ಆಪರೇಷನ್ ಕಾವೇರಿಯಲ್ಲಿ ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ, ಅಲ್ಲಿಂದ ಬೆಂಗಳೂರಿಗೆ ಕರೆತಂದ್ರು. ಅದನ್ನ ಇಲ್ಲ ಅನ್ನಲ್ಲ, ಒಳ್ಳೆ ಕೆಲಸ. ಆದರೆ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಇನ್ನೊಂದು ವಿಷಯ ಹೊರಬಿತ್ತು. ಎಷ್ಟೋ ಜನರ ಹತ್ರ ಹಳದಿ ಜ್ವರದ ಲಸಿಕೆ ಪತ್ರ ಇರಲಿಲ್ಲ, ಅವರನ್ನ ನೇರ ಕ್ವಾರಂಟೈನ್‌ಗೆ ಕಳಿಸಿದ್ರು. ಯುದ್ಧದಿಂದ ಉಳಿದು ಬಂದವರು ಒಂದು ಇಂಜೆಕ್ಷನ್ ಚೀಟಿಗಾಗಿ ಮನೆ ಬಾಗಿಲಲ್ಲಿ ನಿಂತರು. ಹೋಗುವಾಗ ಇದನ್ನ ಅವರಿಗೆ ಯಾರು ಹೇಳಿದ್ರು?

ಆ ದಿನಗಳಲ್ಲಿ ನಾನು ಓದಿದ ಕಮೆಂಟು: "ಅಂಥಾ ದೇಶಕ್ಕೆ ಅವರ್ಯಾಕೆ ಹೋಗಬೇಕಿತ್ತು?" ಬ್ರಹ್ಮಗಿರಿ ಬಂಡೆಯಿಂದ ಜಾರಿಬಿದ್ದ ವಿದ್ಯಾರ್ಥಿಯನ್ನ 2022ರ ಫೆಬ್ರವರಿಯಲ್ಲಿ ಯಲಹಂಕದ ವಾಯುಪಡೆ ಹೆಲಿಕಾಪ್ಟರ್ ಎತ್ತಿ ತಂದಾಗ ನಾವೆಲ್ಲ ಚಪ್ಪಾಳೆ ಹೊಡೆದ್ವಿ, ಹೊಡೀಬೇಕಾದದ್ದೇ. ಹಕ್ಕಿಪಿಕ್ಕಿಗಳು ಯಾಕೆ ಹೋದ್ರು ಅಂತ ಕೇಳೋರು ಇದನ್ನೂ ಕೇಳಲಿ: 1972ರ ವನ್ಯಜೀವಿ ಕಾಯ್ದೆ ಬಂದು ಹಕ್ಕಿ ಹಿಡಿಯೋದು ಅಪರಾಧವಾದ ಮೇಲೆ ಈ ಜನಕ್ಕೆ ಬದಲಿ ಏನು ಕೊಟ್ಟಿರಿ? ಕಾಡಿಂದ ಹೊರಗೆ ಬಂದರು, ಎಣ್ಣೆ ಕಾಯಿಸಿದರು, ಭಾಷೆ ಗೊತ್ತಿಲ್ಲದ ಆಫ್ರಿಕಾಕ್ಕೆ ಹೋಗಿ ಮಾರಿ ಬಂದರು. ಇದಕ್ಕಿಂತ ದೊಡ್ಡ ಸಾಹಸ ಯಾವ ಟ್ರೆಕ್ಕಿಂಗ್ ಕಂಪನಿ ಮಾಡಿಸುತ್ತೆ? ತಮಾಷೆ ಅಂದ್ರೆ ಈಗ ಅದೇ ಎಣ್ಣೆಗೆ ರೀಲ್ಸ್ ಮಾಡೋಕೆ ಬಾಲಿವುಡ್‌ನವರು ಹುಣಸೂರಿನ ಪಕ್ಷಿರಾಜಪುರಕ್ಕೆ ಬರ್ತಾರೆ.

ಕಾನೂನು ಏನು ಮಾಡುತ್ತೆ ನೋಡಿ. 1983ರ ವಲಸೆ ಕಾಯ್ದೆ ಪ್ರಕಾರ ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ 'ಇಸಿಆರ್' ವರ್ಗಕ್ಕೆ ಬರುತ್ತೆ. ಸುಡಾನ್, ಸೌದಿ, ಕುವೈತ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗೋಕೆ ಅವರಿಗೆ ಅನುಮತಿ ಬೇಕು. ಅನುಮತಿ ಜೊತೆ ಹತ್ತು ಲಕ್ಷದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ, ಎರಡು ವರ್ಷಕ್ಕೆ ಕಂತು 275 ರೂಪಾಯಿ. ಸರಿ, ಒಳ್ಳೇದೇ. ಆದರೆ ಈ ಕಾನೂನು ನೋಡೋದು ಇನ್ನೊಬ್ಬರ ಹತ್ರ ಸಂಬಳಕ್ಕೆ ಹೋಗೋರನ್ನ. ಬಾಟಲಿ ಹೊತ್ತು ಸ್ವಂತ ವ್ಯಾಪಾರಕ್ಕೆ ಹೋಗೋ ಅಲೆಮಾರಿ ಇದರ ಕಣ್ಣಿಗೇ ಬೀಳಲ್ಲ. ಪ್ಯಾರಿಸ್ ನೋಡೋಕೆ ಹೋಗೋರಿಗೆ 30,000 ಯೂರೋ ವಿಮೆ ಇಲ್ಲದೆ ಷೆಂಗನ್ ವೀಸಾ ಸಿಗಲ್ಲ. ಎಲ್-ಫಾಶರ್‌ಗೆ ಹೋಗೋರಿಗೆ ಏನೂ ಇಲ್ಲ.

ಹಾಗಾದ್ರೆ ಪಟ್ಟಿ ಮಾಡಿ ಅಂತ ಕೇಳೋಣ್ವಾ? ಕೇಳಬೇಕು, ಆದರೆ ಹುಷಾರಾಗಿ. ಅಲೆಮಾರಿಗಳಿಗೆ 'ಪಟ್ಟಿ' ಅಂದ್ರೆ ಹಳೇ ಗಾಯ. 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಕೂಡ ಒಂದು ಪಟ್ಟಿಯೇ, ಊರು ಬಿಡೋಕೆ ಪೊಲೀಸರಿಗೆ ಹೇಳಿ ಹೋಗಬೇಕಿತ್ತು. 1934ರಲ್ಲಿ ಬಾಬಾಸಾಹೇಬರು ಸುಮಾರು ಮೂವತ್ತು ಸಂಗಾತಿಗಳ ಜೊತೆ ದೌಲತಾಬಾದ್ ಕೋಟೆ ನೋಡೋಕೆ ಹೋದಾಗ ಏನಾಯ್ತು? ಅಲ್ಲಿನ ಕೊಳದಲ್ಲಿ ಕೈಕಾಲು ತೊಳೆದದ್ದಕ್ಕೆ ಗಲಾಟೆಯಾಗಿ, ಕೊನೆಗೆ ಒಳಗೆ ಬಿಟ್ಟರು. ನೀರು ಮುಟ್ಟಬಾರದು ಅನ್ನೋ ಷರತ್ತು, ಜೊತೆಗೊಬ್ಬ ಆಯುಧ ಹಿಡಿದ ಸಿಪಾಯಿ. ಆ ಸಿಪಾಯಿ ಇದ್ದದ್ದು ಅವರನ್ನ ಕಾಪಾಡೋಕಲ್ಲ, ಅವರಿಂದ ನೀರನ್ನ ಕಾಯೋಕೆ. ನಮಗೆ ಅಂಥಾ ಪಟ್ಟಿ ಬೇಡ.

ನಾವು ಕೇಳಬೇಕಾದ್ದು ಇದು. ಹೊರದೇಶಕ್ಕೆ ಹೋಗೋರ ವಿವರ ಪೊಲೀಸ್ ಠಾಣೆಯಲ್ಲಿ ಅಲ್ಲ, ಪಂಚಾಯ್ತಿಯಲ್ಲಿ, ಸಮುದಾಯದವರ ಕೈಯಲ್ಲೇ ಇರಲಿ. ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆ ಮತ್ತು ರಾಜ್ಯದ ಅನಿವಾಸಿ ಭಾರತೀಯ ಸಮಿತಿ ಒಟ್ಟಿಗೆ ಕೂತು ವಿಮೆಯ ಕಂತು ಕಟ್ಟಲಿ. ಆ ಸಮಿತಿ ಅಮೆರಿಕದ ಕನ್ನಡಿಗರಿಗೆ ಮಾತ್ರ ಅಲ್ವಲ್ಲ. ವಾಗ್ರಿ ಮಾತಾಡೋ ಒಬ್ಬರನ್ನಾದರೂ ಸಹಾಯವಾಣಿಯಲ್ಲಿ ಕೂರಿಸಲಿ.

ಅಲ್ಲಿವರೆಗೆ ನಾವೇ ಮಾಡೋದೂ ಇದೆ. ಕಲಬುರಗಿಯ ಹುಡುಗರು ಸೆಕ್ಯೂರಿಟಿ ಕೆಲಸ ಅಂತ ನಂಬಿ ರಷ್ಯಾಕ್ಕೆ ಹೋಗಿ ಉಕ್ರೇನ್ ಯುದ್ಧದ ನಡುವೆ ಸಿಕ್ಕಿ, 2024ರ ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದದ್ದನ್ನ ಮರೀಬೇಡಿ. ಆರ್‌ಟಿ ನಗರ, ಯಶವಂತಪುರ ಕಡೆ ನಿಮ್ಮ ಕಾಲೋನಿಯಿಂದ ಯಾರಾದ್ರೂ ಹೊರಟಿದ್ರೆ ಏಜೆಂಟನ ಹೆಸರು ಇ-ಮೈಗ್ರೇಟ್ ವೆಬ್‌ಸೈಟಲ್ಲಿ ಇದೆಯಾ ನೋಡಿಕೊಡಿ. ಟೂರಿಸ್ಟ್ ವೀಸಾದಲ್ಲಿ ಕೆಲಸ ಕೊಡಿಸ್ತೀನಿ ಅಂದ್ರೆ ಅಲ್ಲೇ ನಿಲ್ಲಿಸಿ. ಪಾಸ್‌ಪೋರ್ಟ್, ವೀಸಾ ಎರಡರ ಫೋಟೋ ಮನೆಯವರ ಫೋನಲ್ಲೂ ಇರಲಿ, ಆ ದೇಶದ ನಮ್ಮ ರಾಯಭಾರ ಕಚೇರಿ ನಂಬರೂ ಇರಲಿ. ಆಫ್ರಿಕಾಕ್ಕೆ ಹೋಗೋರು ಹಳದಿ ಜ್ವರದ ಲಸಿಕೆಯನ್ನ ಹೊರಡೋಕೆ ಹತ್ತು ದಿನ ಮುಂಚೆಯೇ ಹಾಕಿಸಿಕೊಂಡಿರಬೇಕು. ಒಂದು ಸಲ ಹಾಕಿಸಿದ್ರೆ ಆ ಪತ್ರ ಜೀವನಪೂರ್ತಿ ನಡೆಯುತ್ತೆ, ಜೋಪಾನವಾಗಿ ಇಟ್ಕೊಳ್ಳೋಕೆ ಹೇಳಿ.