ಬೋನಿಟ್ಟರೆ ಮುಗಿಯಿತೇ?

ಮುಂಬಯಿಯ ಬೊರಿವಲಿ, ಗೋರೆಗಾಂವ್, ಮುಲುಂಡ್ ಕಡೆ ನೆಲೆಸಿರುವ ನಮ್ಮ ಕರಾವಳಿಯವರಿಗೆ ಚಿರತೆ ಹೊಸ ಸುದ್ದಿಯೇನಲ್ಲ. ಸುಮಾರು 104 ಚದರ ಕಿಲೋಮೀಟರ್ ವಿಸ್ತೀರ್ಣದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗಡಿಯವರೆಗೂ ನಗರ ಬಂದು ನಿಂತಿದೆ. ಕತ್ತಲಾದ ಮೇಲೆ ಚಿರತೆ ಹೊರಬರುತ್ತದೆ. ಅದು ಬರುವುದು ಹೆಚ್ಚಾಗಿ ಬೀದಿನಾಯಿಗಾಗಿ. ನಾಯಿ ಬರುವುದು ನಾವು ಎಸೆದ ಕಸಕ್ಕಾಗಿ.

2004ರಲ್ಲಿ ಅಲ್ಲಿ ಚಿರತೆ ದಾಳಿಗೆ ಅನೇಕರು ಬಲಿಯಾದರು. ಎಲ್ಲೆಡೆ ಒಂದೇ ಕೂಗು: ಬೋನಿಡಿ, ದೂರ ಸಾಗಿಸಿ! ಆದರೆ ಬೇರೆಡೆ ಹಿಡಿದ ಚಿರತೆಗಳನ್ನು ಅದೇ ಉದ್ಯಾನದೊಳಗೆ ತಂದು ಬಿಟ್ಟಿದ್ದೂ ಒಂದು ಕಾರಣವೆಂದು ಆಮೇಲೆ ತಜ್ಞರು ಹೇಳಿದರು. ಪುಣೆ ಜಿಲ್ಲೆಯ ಜುನ್ನರ್ ಪ್ರದೇಶದ ಕುರಿತು ವಿದ್ಯಾ ಅತ್ರೇಯ ಮತ್ತು ಸಂಗಡಿಗರ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಹಿಡಿದ ಚಿರತೆಗಳನ್ನು ಒಯ್ದು ಬಿಟ್ಟ ಕಾಡುಗಳ ಸುತ್ತ ಮನುಷ್ಯರ ಮೇಲಿನ ದಾಳಿ ಹೆಚ್ಚಿದ್ದನ್ನು ಅದು ತೋರಿಸಿತು. ಒಂದು ಚಿರತೆಯನ್ನು ಒಯ್ದರೆ, ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ.

ಹಾಗೆಂದು 'ಹೊಂದಿಕೊಂಡು ಬಾಳಿ' ಎಂದು ಉಪದೇಶಿಸುವುದು ಸುಲಭ, ಅದೂ ಗೇಟು, ಕಾವಲುಗಾರರಿರುವ ಕಟ್ಟಡದ ಮೇಲ್ಮಹಡಿಯಲ್ಲಿ ಕುಳಿತು! 2022ರ ಅಕ್ಟೋಬರ್‌ನಲ್ಲಿ ಆರೆ ಕಾಲನಿಯಲ್ಲಿ ಹದಿನಾರು ತಿಂಗಳ ಹೆಣ್ಣುಮಗುವನ್ನು ಚಿರತೆ ಕೊಂದಿತು. ಮನೆಬಾಗಿಲಲ್ಲಿ ದೀಪವಿಲ್ಲದ, ಶೌಚಕ್ಕೆ ಪೊದೆಯತ್ತ ಹೋಗಬೇಕಾದ ಬಡವರಿಗೇ ಅಪಾಯ ಹೆಚ್ಚು. ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಒಟ್ಟಾಗಿ ಆಲಿಸಬೇಕೆಂದದ್ದು ಇಂಥ ಕಡೆ ಅರ್ಥವಾಗುತ್ತದೆ.

ನಮ್ಮೂರಲ್ಲಿಯೂ ನಾಯಿಯನ್ನೋ ಕೋಳಿಯನ್ನೋ ಅಟ್ಟಿಸಿಕೊಂಡು ಬಂದ ಚಿರತೆ ಆವರಣವಿಲ್ಲದ ಬಾವಿಗೆ ಬೀಳುವುದು ಆಗಾಗ ಕೇಳುವ ಸುದ್ದಿ. ಜನ ಸೇರುತ್ತಾರೆ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ, ಅರಣ್ಯ ಇಲಾಖೆಯವರು ಬಲೆ ತಂದು ಮೇಲೆತ್ತುತ್ತಾರೆ. ಬಾವಿಗೆ ಕಟ್ಟೆ ಕಟ್ಟುವ ಮಾತು ಮಾತ್ರ ಅಲ್ಲಿಗೇ ನಿಲ್ಲುತ್ತದೆ. ರೋಸ್, ಮದುವೆ, ಚರ್ಚಿನ ವಾರ್ಷಿಕ ಹಬ್ಬದ ಊಟ ಮುಗಿದ ಮೇಲೆ ಮಿಕ್ಕಿದ ಮಾಂಸ, ಎಲುಬು ಎಲ್ಲಿಗೆ ಹೋಗುತ್ತದೆ? ಕೆಲವೊಮ್ಮೆ ಗೋಣಿಯಲ್ಲಿ ಕಟ್ಟಿ ಗುಡ್ಡದ ತಿರುವಿನಲ್ಲಿ ಎಸೆಯುವವರು ನಾವೇ.

ವಾಳೆಯ ಗುರಿಕಾರರು ಮುಂದಿನ ಕೂಟದಲ್ಲಿ ಈ ಗೋಣಿಯ ವಿಷಯ ಎತ್ತಲಿ. ಕಟ್ಟೆಯಿಲ್ಲದ ಬಾವಿ ಯಾರ ಹಿತ್ತಲಲ್ಲಿದೆ, ಸಂಜೆ ಮಕ್ಕಳು ಜಪಸರಕ್ಕೆ ಬರುವ ದಾರಿಯಲ್ಲಿ ಎಷ್ಟು ದೀಪ ಉರಿಯುತ್ತಿಲ್ಲ ಎಂಬುದನ್ನೂ ಅಂದೇ ಬರೆದುಕೊಂಡು ಪಂಚಾಯತಿಗೆ ಕೊಡಬಹುದು.