ಐಕ್ಯತೆಯನ್ನು ಬೋಧಿಸುವವರೂ ಐಕ್ಯರಾದವರೂ



"ಸಿ.ಎಸ್.ಐ. ಎಂದರೆ ನಾಲ್ಕಾರು ಪಂಗಡಗಳ ಕಲಬೆರಕೆ, ನಿಜವಾದ ಐಕ್ಯತೆ ನಮ್ಮಲ್ಲಿ ಮಾತ್ರ" ಎಂಬ ಮಾತು ನಮ್ಮ ದೇವಾಲಯದ ಅಂಗಳದಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಇದು ಸತ್ಯಕ್ಕೂ ದೂರ, ಪ್ರೀತಿಗೂ ದೂರ.

1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಪ್ರೊಟೆಸ್ಟೆಂಟ್ ಬೋಧಕರ ಮುಂದಿದ್ದದ್ದು ಒಂದೇ ಪ್ರಶ್ನೆ: ಯೂರೋಪಿನ ಜಗಳಗಳಿಂದ ಹುಟ್ಟಿದ ಒಡಕನ್ನು ಭಾರತದ ಕ್ರೈಸ್ತರು ಏಕೆ ಹೊರಬೇಕು? ದೋರ್ನಕಲ್ಲಿನ ಬಿಷಪ್ ವಿ.ಎಸ್. ಅಜರಯ್ಯನವರು ಅವರ ಮುಂದಾಳುಗಳಲ್ಲೊಬ್ಬರು. ಮಾತುಕತೆಗೆ 28 ವರ್ಷ ಹಿಡಿಯಿತು. 1945ರಲ್ಲಿ ದೈವಾಧೀನರಾದ ಅಜರಯ್ಯನವರು ಅದರ ಫಲವನ್ನು ಕಾಣಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸಂತ ಜಾರ್ಜ್ ಕಥೀಡ್ರಲಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು ಹಾಗೂ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಮೊದಲೇ ಬೆರೆತಿದ್ದ ದಕ್ಷಿಣ ಭಾರತ ಐಕ್ಯ ಸಭೆಯವರು ಒಂದೇ ಸಭೆಯಾದರು.

ಇದು ಬರಿಯ ಕಾಗದದ ಒಪ್ಪಂದವೇ? ಬಿಷಪರಿಲ್ಲದೆ ಬಾಳಿದ್ದವರು ಬಿಷಪರನ್ನು ಒಪ್ಪಿಕೊಂಡರು. ಆಂಗ್ಲಿಕನ್ನರು ಇತರರ ಬೋಧಕರನ್ನು ಮತ್ತೊಮ್ಮೆ ಅಭಿಷೇಕಿಸದೆಯೇ ತಮ್ಮವರೆಂದು ಸ್ವೀಕರಿಸಿದರು. ತಮ್ಮವರಿಂದಲೇ ಟೀಕೆ ಕೇಳಿದರು. ಪ್ರತಿಯೊಬ್ಬರೂ ತಮಗೆ ಅಮೂಲ್ಯವಾದುದನ್ನು ಸಡಿಲಿಸಿದರು.

ನಾವು ಕಥೋಲಿಕರು ಪ್ರೇಷಿತರ ಪರಂಪರೆ, ಗುರುದೀಕ್ಷೆ, ಪರಮಪ್ರಸಾದಗಳ ಕುರಿತ ನಮ್ಮ ವಿಶ್ವಾಸವನ್ನು ಮರೆಮಾಚಬೇಕಿಲ್ಲ. ಆ ಭೇದ ಇನ್ನೂ ಉಳಿದಿದೆ. ಆದರೆ ಭೇದವು ತಿರಸ್ಕಾರಕ್ಕೆ ಪರವಾನಗಿಯಲ್ಲ. ಒಡಕಿನಲ್ಲಿ ಎರಡೂ ಕಡೆಯವರ ತಪ್ಪಿತ್ತೆಂದು 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯೇ ಒಪ್ಪಿಕೊಂಡಿದೆ.

ಸಿ.ಎಸ್.ಐ.ಯಲ್ಲಿ ಜಾತಿ, ವ್ಯಾಜ್ಯಗಳಿಲ್ಲವೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯನ್ನೊಮ್ಮೆ ನೋಡಿಕೊಳ್ಳೋಣ ಎನ್ನುತ್ತಿದ್ದೇನೆ. ಒಬ್ಬರೇ ವಿಶ್ವಗುರು, ಒಂದೇ ಬಲಿಪೂಜೆ ಎನ್ನುವ ನಾವು, ಪೂಜೆ ಯಾವ ಭಾಷೆಯಲ್ಲಿ ಎಷ್ಟು ಗಂಟೆಗೆ ಎಂದು ಜಗಳವಾಡಿ ಮಾತು ಬಿಟ್ಟಿಲ್ಲವೇ? ಮಕ್ಕಳ ಮದುವೆಯ ಮಾತು ಬಂದಾಗ ದೀಕ್ಷಾಸ್ನಾನಕ್ಕಿಂತ ಜಾತಿಯನ್ನೇ ಮೊದಲು ವಿಚಾರಿಸುವುದಿಲ್ಲವೇ? ಅವರು ಬೇರೆ ಬೇರೆ ಮನೆಗಳಿಂದ ಬಂದು ಒಂದಾದರು. ನಾವು ಒಂದೇ ಮನೆಯಲ್ಲಿದ್ದು ಗೋಡೆ ಕಟ್ಟುತ್ತಿದ್ದೇವೆ.

ತನ್ನವರೆಲ್ಲರೂ ಒಂದಾಗಿರಲಿ ಎಂದು ಯೇಸುಸ್ವಾಮಿ ಪ್ರಾರ್ಥಿಸಿದ್ದು ಮರಣದ ಹಿಂದಿನ ರಾತ್ರಿ. ಜನವರಿ 18ರಿಂದ 25ರವರೆಗಿನ ಕ್ರೈಸ್ತ ಐಕ್ಯತಾ ಪ್ರಾರ್ಥನಾ ಸಪ್ತಾಹಕ್ಕೆ ಗುರುಗಳನ್ನು ಮಾತ್ರ ಕಳುಹಿಸಿ ಕೈತೊಳೆದುಕೊಳ್ಳಬೇಡಿ. ಮಕ್ಕಳೊಡನೆ ನೀವೂ ಹೋಗಿ, ನೆರೆಯ ಸಭೆಯವರ ಜೊತೆ ಕುಳಿತು ಪ್ರಾರ್ಥಿಸಿ. ಅದಕ್ಕೆ ಮೊದಲು, ಪೂಜೆಯ ವೇಳೆಗಾಗಿ ಮಾತು ಬಿಟ್ಟ ನಿಮ್ಮದೇ ಧರ್ಮಕೇಂದ್ರದವರ ಮನೆಗೆ ಹೋಗಿ ಬನ್ನಿ.