ಮುನ್ನೂರು ಪುಟದ ಪಾಲಿಸಿ ಮತ್ತು ಒಬ್ಬ ಅಜ್ಜಿ

ಮೂರು ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ. ‘ಎಲ್ಲಿ ಮಾಯವಾದ್ರಿ?’ ಅಂತ ಕೇಳಿದ ಮಿತ್ರರಿಗೆಲ್ಲ ಒಂದೇ ಉತ್ತರ - ಪಾಲಿಸಿ ಬರೀತಿದ್ದೆ. ಎಲ್‌ಐಸಿ ಪಾಲಿಸಿ ಅಲ್ಲ ಮಾರಾಯ್ರೆ! ಬೆಂಕಿ ಬಿದ್ದರೆ ಏನು ಮಾಡುತ್ತೇವೆ, ದೂರು ಬಂದರೆ ಎಷ್ಟು ದಿನದಲ್ಲಿ ಉತ್ತರಿಸುತ್ತೇವೆ, ಔಷಧಿ ಕಪಾಟಿನ ಬೀಗದ ಕೈ ಯಾರ ಹತ್ತಿರ... ನಮ್ಮಲ್ಲಿ ಔಷಧಿಯೂ ಇಲ್ಲ, ಕಪಾಟೂ ಇಲ್ಲ. ‘ಇಲ್ಲ’ ಅನ್ನುವುದಕ್ಕೂ ಒಂದು ಪಾಲಿಸಿ ಬೇಕಂತೆ. ಒಟ್ಟು ಮುನ್ನೂರು ಪುಟ.

ವಿಷಯ ಇಷ್ಟು. ನಾನು ಮತ್ತು ನನ್ನ ನೇಪಾಳಿ ಗೆಳತಿ, ಇಬ್ಬರೂ ಲೈಸೆನ್ಸ್ ಇರುವ ಥೆರಪಿಸ್ಟ್‌ಗಳು, ಅಮೆರಿಕದ ಈ ನಮ್ಮ ಊರಲ್ಲಿ ಎರಡು ಕೋಣೆಯ ಮಾನಸಿಕ ಆರೋಗ್ಯ ಕೇಂದ್ರ ತೆರೆಯಲು ಹೊರಟಿದ್ದೇವೆ. ನಮ್ಮಲ್ಲಿಗೆ ಬರಬೇಕಾದವರ ಕೈಯಲ್ಲಿರುವುದು ಮೆಡಿಕೇಡ್ ಕಾರ್ಡು. ಬಡವರಿಗಾಗಿ 1965ರಲ್ಲಿ ಶುರುವಾದ, ಕೇಂದ್ರ ಮತ್ತು ರಾಜ್ಯ ಸೇರಿ ಖರ್ಚು ಹೊರುವ ಯೋಜನೆ ಅದು. ಆ ದುಡ್ಡು ಸಿಗಬೇಕಾದರೆ ಮೊದಲು ರಾಜ್ಯದ ಸರ್ಟಿಫಿಕೇಟ್, ಆಮೇಲೆ ಮೆಡಿಕೇಡ್‌ನಲ್ಲಿ ನೋಂದಣಿ, ಅದಾದ ಮೇಲೆ ಮ್ಯಾನೇಜ್ಡ್ ಕೇರ್ ಕಂಪನಿ ಒಂದೊಂದರ ಜೊತೆಗೂ ಬೇರೆ ಬೇರೆ ಒಪ್ಪಂದ. ಅಷ್ಟರವರೆಗೆ ಬಾಡಿಗೆ ಕಟ್ಟುವವರು ಯಾರು? ನಮ್ಮೆಜಮಾನ್ರು!

ನನ್ನ ಜಗಳ ಕಾಗದದ ಭಾರದ ಮೇಲಲ್ಲ. ಆ ಕಾಗದ ಏನನ್ನು ಅಳೆಯುತ್ತೆ ಅನ್ನುವುದರ ಮೇಲೆ.

ಹಿಂದೆ ನಾನಿದ್ದ ಸಂಸ್ಥೆ ಬಹಳ ದೊಡ್ಡದು. ಗೋಡೆ ತುಂಬ ಫ್ರೇಮ್ ಹಾಕಿದ ಸರ್ಟಿಫಿಕೇಟುಗಳು. ಅಲ್ಲಿಗೆ ಒಬ್ಬ ಅಜ್ಜಿ ಬಂದರು. ಭೂತಾನಿನಿಂದ ಹೊರದಬ್ಬಿಸಿಕೊಂಡು, ನೇಪಾಳದ ನಿರಾಶ್ರಿತ ಶಿಬಿರದಲ್ಲಿ ಸುಮಾರು ಎರಡು ದಶಕ ಕಳೆದು, ಇಲ್ಲಿಗೆ ಬಂದ ಸಂಸಾರ. (ಇವರನ್ನು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ಕರೆತರುವುದು ಶುರುವಾದದ್ದು 2008ರಲ್ಲಿ. ಈ ಸಮುದಾಯದ ಆತ್ಮಹತ್ಯೆಗಳ ಬಗ್ಗೆ ಸಿಡಿಸಿ 2013ರಲ್ಲೇ ವರದಿ ಕೊಟ್ಟಿತ್ತು.) ಅವತ್ತು ಫೋನಿನಲ್ಲಿ ದುಭಾಷಿ ಸಿಗಲಿಲ್ಲ. ಜೊತೆಗೆ ಬಂದಿದ್ದ ಹದಿನಾಲ್ಕು ವರ್ಷದ ಮೊಮ್ಮಗನೇ ದುಭಾಷಿಯಾದ. ಅಜ್ಜಿ ಸೆರಗಿನ ತುದಿ ಸುತ್ತುತ್ತಾ ಎರಡು ನಿಮಿಷ ಏನೋ ಹೇಳಿದರು. ಹುಡುಗ ಹೇಳಿದ್ದು ಒಂದೇ ಸಾಲು: “ಅಜ್ಜಿಗೆ ನಿದ್ದೆ ಬರಲ್ಲವಂತೆ.”

ಥೆರಪಿಸ್ಟ್ ನಾನೇ. ಅದನ್ನೇ ಬರೆದುಕೊಂಡೆ.

ಆಗಿನ್ನೂ ಟ್ರೈನಿ ಆಗಿದ್ದ ಈ ಗೆಳತಿ ಮೂಲೆಯಲ್ಲಿ ಕೂತಿದ್ದಳು. ಮೆಲ್ಲಗೆ ನನ್ನನ್ನು ಹೊರಗೆ ಕರೆದು ಹೇಳಿದಳು, “ದೀದಿ, ಅವರು ನಿದ್ದೆ ಅನ್ನಲಿಲ್ಲ. ಶಿಬಿರದಲ್ಲೇ ಸತ್ತಿದ್ದರೆ ಈ ಮಕ್ಕಳಿಗೆ ಭಾರ ಆಗ್ತಿರಲಿಲ್ಲ, ಈಗಲೂ ತಡವಾಗಿಲ್ಲ ಅಂದರು.” ಹುಡುಗನನ್ನು ಹೊರಗೆ ಕೂರಿಸಿ, ಅವಳನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ಮೊದಲಿನಿಂದ ಮಾತಾಡಿದೆವು. ಅಜ್ಜಿ ಉಳಿದರು.

ಈಗ ಹೇಳಿ, ಅವಳು ಅಲ್ಲಿರದಿದ್ದರೆ? ಫೈಲು ಆಗಲೂ ಚೊಕ್ಕವಾಗಿರುತ್ತಿತ್ತು. ರೋಗದ ಕೋಡ್, ಚಿಕಿತ್ಸೆಯ ಪ್ಲ್ಯಾನ್, ಪ್ರೋಗ್ರೆಸ್ ನೋಟ್, ಮೂರೂ ಒಂದಕ್ಕೊಂದು ಹೊಂದುತ್ತಿದ್ದವು. ಬಿಲ್ ಪಾಸಾಗುತ್ತಿತ್ತು. ಆಡಿಟ್‌ನಲ್ಲಿ ನೂರಕ್ಕೆ ನೂರು!

1964ರ ಸಿವಿಲ್ ರೈಟ್ಸ್ ಕಾಯ್ದೆಯ ಪ್ರಕಾರ ಸರ್ಕಾರದ ದುಡ್ಡು ತಗೊಳ್ಳುವವರು ಭಾಷೆ ಬಾರದವರಿಗೂ ಅರ್ಥವಾಗುವ ಹಾಗೆ ಸೇವೆ ಕೊಡಬೇಕು. ಸರಿ. ಆದರೆ ದುಭಾಷಿಯ ಖರ್ಚನ್ನು ಮೆಡಿಕೇಡ್ ಬೇರೆಯಾಗಿ ಕೊಡಬೇಕೋ ಬೇಡವೋ ಅನ್ನುವುದು ಆಯಾ ರಾಜ್ಯದ ಇಷ್ಟ. ನಮ್ಮ ಬೈಂಡರ್‌ನಲ್ಲಿ ‘ಭಾಷಾ ಸೌಲಭ್ಯದ ಪಾಲಿಸಿ’ ಇದೆಯಾ ಅಂತ ನೋಡ್ತಾರೆ. ಗೆಳತಿಗೆ ನೇಪಾಳಿ ಬರುತ್ತಾ ಅಂತ ಈವರೆಗೆ ಒಬ್ಬರೂ ಕೇಳಿಲ್ಲ.

“ಮೋಸ ತಡೆಯೋಕೆ ಇಷ್ಟೆಲ್ಲ ಬೇಕು ಮೇಡಂ” ಅಂತ ನಿಮ್ಮಲ್ಲಿ ಕೆಲವರು ಹೇಳ್ತೀರಿ, ಗೊತ್ತು. ಹಾಗಾದರೆ ಅರಿಝೋನಾ ನೋಡಿ. ಮೇ 2023ರಲ್ಲಿ ಅಲ್ಲಿನ ಗವರ್ನರ್ ಕೇಟಿ ಹಾಬ್ಸ್ ಮತ್ತು ಅಟಾರ್ನಿ ಜನರಲ್ ಕ್ರಿಸ್ ಮೇಯ್ಸ್ ಒಟ್ಟಿಗೆ ನಿಂತು ಹಗರಣ ಬಯಲು ಮಾಡಿದರು. ಕುಡಿತ ಬಿಡಿಸ್ತೀವಿ, ಊಟ ವಸತಿ ಕೊಡ್ತೀವಿ ಅಂತ ನವಾಹೋ ಮತ್ತಿತರ ಮೂಲನಿವಾಸಿಗಳನ್ನು ಪುಸಲಾಯಿಸಿ ಕರೆತಂದು ಮನೆಗಳಲ್ಲಿ ತುಂಬಿ, ಕೊಡದ ಚಿಕಿತ್ಸೆಗೆ ಮೆಡಿಕೇಡ್‌ಗೆ ಬಿಲ್ ಹಾಕಿದ್ದರು. ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಹಣ ನಿಲ್ಲಿಸಬೇಕಾಯ್ತು. ಕಾಗದ ಇಲ್ಲದ ಕಳ್ಳರಲ್ಲ ಸ್ವಾಮಿ, ಮೆಡಿಕೇಡ್‌ನಲ್ಲಿ ನೋಂದಾಯಿಸಿಕೊಂಡವರು! ಮುಂದಿನ ತಿಂಗಳೇ ಅಲ್ಲಿ ಹೊಸ ಹೊರರೋಗಿ ಕ್ಲಿನಿಕ್‌ಗಳ ನೋಂದಣಿಗೂ ತಡೆ ಬಿತ್ತು. ಒಳಗಿದ್ದವರು ದೋಚಿದ್ದಕ್ಕೆ ಹೊರಗೆ ಕಾಯುತ್ತಿದ್ದವರ ಮುಖಕ್ಕೆ ಬಾಗಿಲು.

ಪಾಲಿಸಿಯನ್ನು ಕನ್ಸಲ್ಟೆಂಟ್ ಹತ್ತಿರ ರೆಡಿಮೇಡ್ ಕೊಳ್ಳಬಹುದು. ನನಗೂ ಒಬ್ಬರು ಮಾರಲು ಬಂದಿದ್ದರು, ಹೆಸರಿನ ಜಾಗ ಖಾಲಿ ಬಿಟ್ಟು! ಮೋಸ ಮಾಡುವವನಿಗೆ ಅದು ಸುಲಭದ ಖರ್ಚು, ಎರಡು ಕೋಣೆಯವರಿಗೆ ಮೂರು ತಿಂಗಳ ನಿದ್ದೆ. ತಪಾಸಣೆ ಬೇಡ ಅನ್ನುತ್ತಿಲ್ಲ, ಇನ್ನೂ ಬಿಗಿಯಾಗಲಿ. ಆದರೆ ದುಡ್ಡು ಹರಿಯಲು ಶುರುವಾದ ಮೇಲೆ ಹೇಳದೆ ಕೇಳದೆ ಬನ್ನಿ. ಬೈಂಡರ್ ಬದಿಗಿಟ್ಟು ಬಂದವರನ್ನೇ ಮಾತಾಡಿಸಿ, ಅವರ ಭಾಷೆಯಲ್ಲಿ. ‘ನಿನ್ನೆ ಒಂದು ಗಂಟೆ ಇಲ್ಲಿ ಕೂತಿದ್ರಾ, ಯಾರ ಜೊತೆ?’ ಅಂತ ಕೇಳಲು ಮುನ್ನೂರು ಪುಟ ಬೇಡ.

ಗುರುವಾರ ಇನ್ಸ್‌ಪೆಕ್ಟರ್ ಬರ್ತಾರೆ. ಬೆಂಕಿ ಆರಿಸುವ ಸಿಲಿಂಡರಿಗೆ ಈ ವರ್ಷದ ಚೀಟಿ ಅಂಟಿಸಿಲ್ಲ ಅಂತ ಗೆಳತಿ ಈಗಷ್ಟೇ ಫೋನ್ ಮಾಡಿದಳು. ಅಜ್ಜಿ ಮತ್ತೆ ಕೇಳಿದರಂತೆ, ಯಾವಾಗ ತೆರೀತೀರಿ ಅಂತ.